ಚಳಿಗಾಲದ ಸೂಜಿ

ನಾದಿನಿ ಬಂದ ಆ ಭಾನುವಾರ ಮನೆಯಲ್ಲಿ ಯಾರಿಗೂ ಜಗಳವಾಡುವ ಹುಮ್ಮಸ್ಸಿರಲಿಲ್ಲ. ಮಾವ ಮುಂದಿನ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ಬಡಿಯುತ್ತಿದ್ದರು. ಅತ್ತೆ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದರು. ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತು ಹಾಸಿಗೆಯ ಗವಸು ಹೊಲಿಯುತ್ತಿದ್ದಳು. ಮೂರು ಬದಿ ಹೊಲಿಯುವುದು, ಹತ್ತಿ ತುಂಬುವುದಕ್ಕೆ ನಾಲ್ಕನೆಯದನ್ನು ಹಾಗೇ ಬಿಡುವುದು, ಪಕ್ಕಕ್ಕೆ ಎಸೆಯುವುದು. ಅವಳ ಮಗಳು, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ, ಆ ಗವಸುಗಳ ರಾಶಿಯ ಮೇಲೆ ಬೋರಲು ಮಲಗಿ ಶಾಲೆಯ ಪಾಠ ಬರೆಯುತ್ತಿದ್ದಳು.

ನಾದಿನಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಂಡನ ಮನೆ ಎರಡು ಬೀದಿ ಆಚೆ. ಭಾನುವಾರ ಅಂಗಡಿಗೆ ರಜೆ, ತವರಿಗೆ ಬಂದು ಊಟ ಮಾಡಿ ಹೋಗುವುದು ರೂಢಿ. ಅವತ್ತು ಚಪ್ಪಲಿ ಕಳಚುವ ಮೊದಲೇ ಅವಳು ಬಾಗಿಲಿನಿಂದ ಕೂಗಿದಳು.

"ಅಪ್ಪಾ, ಫ್ಲೂ ಚುಚ್ಚುಮದ್ದು ಬಂದಿದೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ."

ಮಾವ ಕೋಲು ನಿಲ್ಲಿಸಲಿಲ್ಲ. ಅತ್ತೆ ತಲೆ ಎತ್ತಲಿಲ್ಲ.

"ಮೊದಲು ಕೈಕಾಲು ತೊಳ್ಕೊ," ಎಂದರು ಅತ್ತೆ. "ಬಂದವಳೇ ಅಂಗಡಿ ಮಾತು ಶುರು ಮಾಡಿದ್ಲು."

"ಅಂಗಡಿ ಮಾತಲ್ಲಮ್ಮ, ಅಪ್ಪನ ಎದೆ ಮಾತು. ಡಾಕ್ಟ್ರು ಹೇಳಿಲ್ವಾ? ಉಬ್ಬಸ ಇರೋರು ಪ್ರತಿ ವರ್ಷ ಹಾಕಿಸ್ಕೋಬೇಕು ಅಂತ?"

"ಡಾಕ್ಟ್ರು ಹತ್ತಿ ಕೆಲಸ ಬಿಡಿ ಅಂತಲೂ ಹೇಳಿದ್ರು. ಬಿಟ್ವಾ?"

"ಅದೇ ಬೇರೆ, ಇದೇ ಬೇರೆ."

"ಎಲ್ಲಾ ಒಂದೇ. ಸೂಜಿ ಚುಚ್ಚಿಸ್ಕೊಂಡು ಜ್ವರ ಬರಿಸ್ಕೊಂಡು, ಎರಡು ದಿನ ಕೈ ಎತ್ತಕ್ಕಾಗದೆ ಮೂಲೆ ಹಿಡಿದು ಕೂರೋದು. ಆಮೇಲೆ ಬರೋ ಜ್ವರ ಬಂದೇ ಬರುತ್ತೆ. ಹೋದ ವರ್ಷ ನಾನು ಹಾಕಿಸ್ಕೊಂಡಿರಲಿಲ್ಲ. ಏನಾಯ್ತು?"

ಹೋದ ವರ್ಷ ಏನಾಯಿತೆಂದು ಆ ಮನೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಆಲೂಗಡ್ಡೆ ಅತ್ತೆಯ ಕೈಯಿಂದ ಜಾರಿ ಬಟ್ಟಲಿನ ನೀರಿಗೆ ಬಿತ್ತು. ಸೊಸೆ ಯಂತ್ರದ ಚಕ್ರ ತಿರುಗಿಸಿದಳು.

ಆ ಮನೆಯ ಕಸುಬು ಹಾಸಿಗೆ, ದಿಂಬು, ಹೊದಿಕೆ. ಮುಂದಿನ ಕೋಣೆಯೇ ಅಂಗಡಿ. ಒಂದು ಪರದೆ ಸರಿಸಿದರೆ ಅಡುಗೆಮನೆ. ಟೀಯಲ್ಲಿ ಹತ್ತಿಯ ಎಳೆ, ತಲೆಗೂದಲಲ್ಲಿ ಹತ್ತಿಯ ಎಳೆ, ಗುಬ್ಬಿಯ ಪುಸ್ತಕದ ಹಾಳೆಗಳ ನಡುವೆಯೂ ಹತ್ತಿಯ ಎಳೆ. ವರ್ಷವಿಡೀ ನಿದ್ದೆ ಮಾಡುವ ಅಂಗಡಿ ಚಳಿ ಕಾಲಿಡುವ ಹೊತ್ತಿಗೆ ಎದ್ದು ಕೂರುತ್ತಿತ್ತು. ಮೊದಲ ತಣ್ಣನೆಯ ಗಾಳಿ ಬೀಸಿದ ಮಾರನೆಯ ದಿನವೇ ಜನ ಹಳೆಯ ಹಾಸಿಗೆ ಹೊತ್ತು ತಂದು, ಬಿಚ್ಚಿ, ಬಡಿದು, ಹೊಸ ಹತ್ತಿ ಸೇರಿಸಿಕೊಡಿ ಎನ್ನುತ್ತಿದ್ದರು. ಆ ದಿನಗಳಿಗೆ ಮನೆಯಲ್ಲಿ ಸೀಸನ್ ಎಂದು ಹೆಸರು. ಸೀಸನ್ನಿನಲ್ಲಿ ಹುಷಾರು ತಪ್ಪುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಚುಚ್ಚುಮದ್ದು ಬರುವುದೂ ಅದೇ ದಿನಗಳಲ್ಲಿ. ಸೊಸೆಯ ಗಂಡ ತಂಗಿಯ ಮಾತು ಕೇಳಿ ಎರಡು ವರ್ಷ ಹಾಕಿಸಿಕೊಂಡಿದ್ದ. ಎರಡು ಸಲವೂ ತೋಳು ಊದಿ, ಮೈ ಬೆಚ್ಚಗಾಗಿ, ಕೋಲು ಹಿಡಿಯಲಾಗದೆ ಕೂತಿದ್ದ. ಆ ಎರಡೂ ಚಳಿಗಾಲ ಅವನಿಗೆ ಕೆಮ್ಮು ಸಹ ಬರಲಿಲ್ಲ. ಬರಲಿಲ್ಲವೆಂದೇ ಅದು ಬೇಕಿರಲಿಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಮೂರನೆಯ ವರ್ಷ ಒಂದು ವಿದ್ಯಾರ್ಥಿನಿಲಯದ ಹಾಸಿಗೆಗಳೆಲ್ಲ ಒಟ್ಟಿಗೆ ಬಂದು ಬಾಗಿಲ ತನಕ ರಾಶಿ ಬಿದ್ದವು. "ಆರ್ಡರ್ ಮುಗೀಲಿ, ಆಮೇಲೆ ಹಾಕಿಸ್ಕೊ. ಸೂಜಿ ಎಲ್ಲೂ ಓಡಿಹೋಗಲ್ಲ," ಎಂದಿದ್ದರು ಅತ್ತೆ. ಅವನು ನಕ್ಕು, "ಸರಿ ಬಿಡಮ್ಮ," ಎಂದಿದ್ದ. ಆರ್ಡರ್ ಮುಗಿಯುವ ಮೊದಲೇ ಜ್ವರ ಬಂತು. ನೆಗಡಿ ಎಂದುಕೊಂಡರು. ನೆಗಡಿ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಫ್ಲೂ ಎಂದರು, ಶ್ವಾಸಕೋಶ ಎಂದರು, ಇಷ್ಟು ವಯಸ್ಸಿಗೆ ಹೀಗಾಗುವುದು ಅಪರೂಪ ಎಂದರು. ಅಪರೂಪ ಎಂಬ ಮಾತನ್ನು ಹೊತ್ತು, ಅವನಿಲ್ಲದೆ ಮನೆಗೆ ಬಂದರು.

ಅತ್ತೆ ಅಂದು ಹೇಳಿದ ಮಾತನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಆಮೇಲೆ ಯಾರೂ ಅದನ್ನು ಬಾಯಿಗೆ ತರಲಿಲ್ಲ.

ಊಟಕ್ಕೆ ಕೂತಾಗ ನಾದಿನಿ ಮತ್ತೆ ಎತ್ತಿದಳು.

"ಅಮ್ಮ, ಹಾಕಿಸ್ಕೊಂಡ್ರೂ ಜ್ವರ ಬರಬಹುದು. ನಾನು ಇಲ್ಲ ಅನ್ನಲ್ಲ. ಆದ್ರೆ ಎದೆಗೆ ಇಳಿಯೋ ಹಾಗೆ ಬರೋದು ಕಮ್ಮಿ ಆಗುತ್ತೆ. ಅಷ್ಟೇ. ಅಷ್ಟಕ್ಕೆ ಅಪ್ಪನ್ನ ಕಳಿಸು."

"ಹಾಕಿಸ್ಕೊಂಡ್ರೂ ಬರುತ್ತೆ ಅಂತ ಇವಳೇ ಹೇಳ್ತಾಳೆ. ಸೋರೋ ಕೊಡೆ ಮಾರೋರ ಹಾಗೆ!"

"ಸೋರೋ ಕೊಡೆ ಆದ್ರೂ ತಲೆ ಮೇಲೆ ಏನೂ ಇಲ್ಲದೆ ನೆನೆಯೋದಕ್ಕಿಂತ ವಾಸಿ ಕಣಮ್ಮ."

ಗುಬ್ಬಿ ಕಿಸಕ್ಕನೆ ನಕ್ಕಳು. ಮಾವ ಅನ್ನ ಕಲಸುತ್ತಲೇ ಇದ್ದರು.

ಅತ್ತೆ ಸೊಸೆಯ ಕಡೆ ತಿರುಗಿದರು. "ನೀನು ಓದಿದವಳು. ಯೂನಿವರ್ಸಿಟಿ ಮೆಟ್ಟಲು ಹತ್ತಿಳಿದವಳು. ನೀನೇ ಹೇಳು, ಇದರಿಂದ ಏನಾದ್ರೂ ಉಪಯೋಗ ಇದೆಯಾ?"

"ಹೇಳಿ ಅತ್ತಿಗೆ," ಎಂದಳು ನಾದಿನಿ. "ನೀವೇ ಹೇಳಿ."

ಸೊಸೆ ಇಬ್ಬರನ್ನೂ ನೋಡಿದಳು. ಗಂಡ ಹೋದ ಮೇಲೆ ಅವಳಿಗೆ ಹಸಿವು ಗೊತ್ತಾಗುತ್ತಿರಲಿಲ್ಲ, ಹೊತ್ತಾಯಿತೆಂದು ಉಣ್ಣುತ್ತಿದ್ದಳು. ಮಾತೂ ಹಾಗೇ.

"ನನಗೆ ಗೊತ್ತಿಲ್ಲ," ಎಂದಳು. "ಗುಬ್ಬಿ, ತಟ್ಟೆಯಲ್ಲಿ ಬಿಡಬೇಡ."

ಆ ವಾರ ಸೀಸನ್ ಶುರುವಾಯಿತು. ಗಂಡನ ಜಾಗದಲ್ಲಿ ಈಗ ಸೊಸೆ ನಿಲ್ಲುತ್ತಿದ್ದಳು. ಬಡಿದು ಉಬ್ಬಿದ ಹತ್ತಿಯನ್ನು ಮಾವ ತೆಕ್ಕೆ ತುಂಬ ಎತ್ತಿ ಕೊಟ್ಟರೆ, ಅವಳು ಗವಸಿನ ಬಾಯಲ್ಲಿ ಕೈ ಹಾಕಿ ಮೂಲೆ ಮೂಲೆಗೆ ತುಂಬುತ್ತಿದ್ದಳು. ತುಂಬಿದ ಹಾಸಿಗೆಯನ್ನು ಅತ್ತೆಯ ಮುಂದೆ ಎಳೆದು ಹಾಕಿದರೆ, ಅವರು ದಬ್ಬಳಕ್ಕೆ ಹುರಿದಾರ ಪೋಣಿಸಿ, ಮೇಲಿನಿಂದ ಚುಚ್ಚಿ ಕೆಳಗೆ ಎಳೆದು, ಹತ್ತಿ ಜರುಗದ ಹಾಗೆ ಸಾಲಾಗಿ ಗಂಟು ಹಾಕುತ್ತಿದ್ದರು. ಅಂಗೈಯಷ್ಟು ಉದ್ದದ ಆ ಸೂಜಿ ಅವರ ಬೆರಳಿಗೆ ಎಷ್ಟು ಸಲ ನಾಟಿತ್ತೋ ಲೆಕ್ಕವಿರಲಿಲ್ಲ. ರಕ್ತ ಬಂದರೆ ಬೆರಳನ್ನು ಬಾಯಿಗಿಟ್ಟುಕೊಂಡು ಚೀಪಿ ಮುಂದುವರಿಸುತ್ತಿದ್ದರು.

ಮಾವನ ಉಸಿರು ಸದ್ದು ಮಾಡುತ್ತಿತ್ತು. ನಾಲ್ಕು ಏಟು ಹಾಕಿದರೆ ಕೋಲು ಊರಿಕೊಂಡು ನಿಲ್ಲುತ್ತಿದ್ದರು. ಅತ್ತೆ ನೀರಿಗೆಂದು ಬೀದಿಯ ನಲ್ಲಿಗೆ ಹೋದ ಒಂದು ಮಧ್ಯಾಹ್ನ ಸೊಸೆ ಕೇಳಿದಳು.

"ಮಾವ, ನೀವು ಸುಮ್ಮನೆ ಹೋಗಿ ಹಾಕಿಸ್ಕೊಂಡು ಬಂದುಬಿಡಿ. ಅತ್ತೆಗೆ ಹೇಳೋದೇ ಬೇಡ."

ಮಾವ ಮೂಗಿನ ಬಟ್ಟೆ ಕೆಳಗೆ ಸರಿಸಿದರು. "ಹೇಳದೆ ಹಾಕಿಸ್ಕೋಬಹುದು ತಾಯಿ. ಮಾರನೇ ದಿನ ಕೈ ಎತ್ತಕ್ಕಾಗಲ್ವಲ್ಲ, ಆಗ ಏನು ಹೇಳಲಿ? ಕೋಲು ಮುನಿಸ್ಕೊಂಡಿದೆ ಅನ್ಲಾ?"

"ಹೇಳಿಯೇ ಹೋಗಿ ಹಾಗಾದ್ರೆ."

"ಹೇಳಿ ಹೋದ್ರೆ ಇನ್ನೂ ಕಷ್ಟ." ಅವರು ಉಸಿರು ಹಿಡಿಯಲು ನಿಂತರು. "ನೋಡು, ನಾನು ಹೋದೆ ಅಂದ್ರೆ ಇದು ಮಾಡಬೇಕಾದ ಕೆಲಸ ಅಂತ ಒಪ್ಪಿದ ಹಾಗಾಯ್ತು. ಮಾಡಬೇಕಾದ ಕೆಲಸ ಆಗಿದ್ರೆ, ಹೋದ ವರ್ಷ ಯಾಕೆ ಆಗಲಿಲ್ಲ? ಯಾರು ಬೇಡ ಅಂದ್ರು? ಅದು ಬರುತ್ತೆ. ಅದು ಬಂದ್ರೆ ನಿಮ್ಮತ್ತೆ ಉಳಿಯಲ್ಲ. ಈಗ ಇದು ಕೆಲಸಕ್ಕೆ ಬಾರದ ಸೂಜಿ ಅನ್ಕೊಂಡು ಹೇಗೋ ಎರಡು ತುತ್ತು ತಿಂತಿದಾಳೆ. ಅದನ್ನೂ ಕಿತ್ಕೊಳ್ಳೋದಾ?"

"ನಿಮಗೆ ಏನಾದ್ರೂ ಆದ್ರೆ?"

"ನನಗೇನು, ಈ ಎದೆಗೆ ಚಳಿಗಾಲಾನೂ ಒಂದೇ, ಬೇಸಿಗೇನೂ ಒಂದೇ." ಬಟ್ಟೆಯನ್ನು ಮತ್ತೆ ಮೂಗಿಗೆ ಏರಿಸಿಕೊಂಡರು. "ನೀನು ಹಿಡಿ, ಆ ಮೂಲೆ ಖಾಲಿ ಬಿಟ್ಟಿದೀಯ."

ಬೀದಿಯಲ್ಲಿ ಜ್ವರ ಕಾಣಿಸಿಕೊಂಡಿತು. ಮೊದಲು ಬೇಕರಿಯವನು ಮಲಗಿದ, ಆಮೇಲೆ ಅವನ ಮಕ್ಕಳು. ಗುಬ್ಬಿಯ ತರಗತಿಯ ಅರ್ಧ ಬೆಂಚುಗಳು ಖಾಲಿಯಾದವು. ನಾದಿನಿ ದಿನವೂ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಬರತೊಡಗಿದಳು. ಬಂದು ಅಪ್ಪನ ಹಣೆ ಮುಟ್ಟುವುದು, ಅಮ್ಮನ ಜೊತೆ ಕಿತ್ತಾಡುವುದು, ಟೀ ಕುಡಿಯದೆ ಹೋಗುವುದು.

"ಇವಳಿಗೆ ತಲೆ ಕೆಟ್ಟಿದೆ," ಎನ್ನುತ್ತಿದ್ದರು ಅತ್ತೆ, ಮಗಳು ಹೋದ ಮೇಲೆ. "ಮನೆಗೆ ಬರೋದು ಅಪ್ಪನ್ನ ನೋಡಕ್ಕಲ್ಲ, ನನ್ನ ಕುಟುಕಕ್ಕೆ."

ಒಂದು ಸಂಜೆ ಮಾವ ಊಟದ ನಡುವೆ ಕೆಮ್ಮತೊಡಗಿ ನಿಲ್ಲಿಸಲಾಗಲಿಲ್ಲ. ಜ್ವರವಿರಲಿಲ್ಲ, ಹತ್ತಿಯ ಧೂಳಿನ ಹಳೆಯ ಕೆಮ್ಮೇ. ಆದರೂ ಕಣ್ಣಲ್ಲಿ ನೀರು ಬಂದು, ಮುಖ ಕಪ್ಪಿಟ್ಟು, ಕೈಯಲ್ಲಿದ್ದ ತುತ್ತು ನೆಲಕ್ಕೆ ಬಿತ್ತು. ಅವತ್ತೂ ನಾದಿನಿ ಅಲ್ಲೇ ಇದ್ದಳು. ಅಪ್ಪನ ಬೆನ್ನು ಸವರಿ, ನೀರು ಕುಡಿಸಿ, ಉಸಿರು ಸಮನಾಗುವ ತನಕ ಕಾದು, ಆಮೇಲೆ ಎದ್ದು ನಿಂತಳು.

"ಸಾಕು. ನಾಳೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ನಿನ್ನ ಅಪ್ಪಣೆ ಬೇಕಿಲ್ಲ."

"ಹೋಗ್ತಾರಾ ಕೇಳು," ಎಂದರು ಅತ್ತೆ.

"ಅವರು ನಿನ್ನ ಮುಖ ನೋಡ್ಕೊಂಡು ಸಾಯ್ತಾರೆ ಹೊರತು ಹೋಗಲ್ಲ. ಗೊತ್ತು ನಂಗೆ. ಒಬ್ಬರು ಹೋಗಿದ್ದು ಸಾಲದಾ ನಿನಗೆ?"

"ಏನಂದೆ?"

"ಕೇಳಿಸಲಿಲ್ವಾ? ಹೋದ ವರ್ಷ ಅವನು ಹೊರಟು ನಿಂತಿದ್ದ. ಚಪ್ಪಲಿ ಹಾಕ್ಕೊಂಡಿದ್ದ. ಯಾರು ತಡೆದಿದ್ದು ಅಂತ ಈ ಮನೇಲಿ..."

"ಬೇಡ," ಎಂದರು ಮಾವ. ದನಿ ಬರಲಿಲ್ಲ, ತುಟಿ ಮಾತ್ರ ಆಡಿತು.

ಅತ್ತೆ ಸೌಟು ಕೆಳಗಿಟ್ಟರು. ಕೂಗಾಡಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು, ತಮ್ಮ ಹೆಸರು ಕರೆಯುವುದನ್ನೇ ಕಾಯುವವರಂತೆ ಮಗಳ ಬಾಯಿ ನೋಡುತ್ತ ಕೂತರು. ಸೊಸೆ ಆ ಕೈಗಳನ್ನು ನೋಡಿದಳು. ಬೆರಳ ತುದಿಗಳಲ್ಲಿ ದಬ್ಬಳದ ಗುರುತು, ಕಪ್ಪು ಚುಕ್ಕೆಗಳು.

"ಅವರು ಹಾಕಿಸ್ಕೊಂಡಿದ್ರು," ಎಂದಳು.

ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಮಾತು ಬಂದುಬಿಟ್ಟಿತ್ತು. ಮೂವರೂ ಅವಳ ಕಡೆ ತಿರುಗಿದರು.

"ಯಾರು?" ಎಂದರು ಅತ್ತೆ.

"ನಿಮ್ಮ ಮಗ. ಹುರಿದಾರ ತರಕ್ಕೆ ಅಂತ ಹೋಗಿದ್ರಲ್ಲ ಒಂದು ದಿನ, ಅವತ್ತು. ಬರೋ ದಾರೀಲಿ ಆಸ್ಪತ್ರೆಗೆ ಹೋಗಿ ಹಾಕಿಸ್ಕೊಂಡು ಬಂದ್ರು. ನಿಮಗೆ ಹೇಳಬೇಡ, ಸುಮ್ನೆ ಬಯ್ತಾರೆ ಅಂದ್ರು. ನಾನು ಹೇಳಲಿಲ್ಲ."

ನಾದಿನಿ ಬಾಯಿ ತೆರೆದಳು. ಅಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ಹೌದು," ಎಂದರು ನಿಧಾನವಾಗಿ. "ಈಗ ನೆನಪಾಯ್ತು. ಮಾರನೇ ದಿನ ಎಡಗೈಯಲ್ಲಿ ಬಡಿದ. ಬಲಗೈ ಯಾಕೋ ಅಂದ್ರೆ ಉಳುಕಿದೆ ಅಂದ."

ಸೊಸೆ ಮಾವನನ್ನು ನೋಡಿದಳು. ಮಾವ ತಟ್ಟೆ ನೋಡುತ್ತಿದ್ದರು.

"ಎಡಗೈಯಲ್ಲಿ," ಎಂದರು ಅತ್ತೆ.

"ಹೂಂ. ಎಡಗೈಯಲ್ಲಿ."

ಗುಬ್ಬಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, "ಅಪ್ಪನಿಗೆ ನೋವಾಯ್ತಾ ಅಜ್ಜಿ?" ಎಂದಳು.

"ಇಲ್ಲ ಮರಿ," ಎಂದರು ಅತ್ತೆ. "ಇರುವೆ ಕಚ್ಚಿದ ಹಾಗೆ." ಸೌಟು ತೆಗೆದುಕೊಂಡು ಮಾವನ ತಟ್ಟೆಗೆ ಅನ್ನ ಬಡಿಸಿದರು.

ಪಾತ್ರೆ ತೊಳೆಯುವ ಜಾಗದಲ್ಲಿ ನಾದಿನಿ ಸೊಸೆಯ ತೋಳು ಹಿಡಿದಳು.

"ಅತ್ತಿಗೆ, ಏನು ಮಾಡಿದ್ರಿ? ಅವನು ಹಾಕಿಸ್ಕೊಂಡಿರಲಿಲ್ಲ. ನಾನೇ ಅಲ್ಲಿ ನರ್ಸ್‌ನ ಕೇಳಿದೀನಿ."

"ಗೊತ್ತು."

"ಇನ್ನು ಮುಗೀತು. ಹಾಕಿಸ್ಕೊಂಡೂ ಸತ್ತ, ಮತ್ಯಾಕೆ ಅಂತಾಳೆ. ಅಪ್ಪನ್ನ ಕೈಯಾರೆ ಕೊಂದ್ರಿ ನೀವು."

"ನೀನು ಆ ಮಾತನ್ನ ಪೂರ್ತಿ ಮಾಡಿದ್ರೆ ಅತ್ತೆ ಹೋಗ್ತಿದ್ರು," ಎಂದಳು ಸೊಸೆ. ಬೂದಿ ಹಾಕಿ ಪಾತ್ರೆಯ ತಳ ಉಜ್ಜಿದಳು. ಅವಳಿಗೆ ಸಿಟ್ಟೂ ಬರಲಿಲ್ಲ, ಭಯವೂ ಆಗಲಿಲ್ಲ. "ಯಾರನ್ನ ಉಳಿಸಬೇಕು ಅಂತ ನನಗೆ ಗೊತ್ತಾಗಲಿಲ್ಲ. ಹತ್ತಿರ ಇದ್ದೋರನ್ನ ಹಿಡ್ಕೊಂಡೆ."

ಮಾರನೆಯ ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು, ಅಂಗಡಿಯ ಬಾಗಿಲಲ್ಲಿ ನಿಂತಿದ್ದರು.

"ಏಳ್ರೀ," ಎಂದರು ಮಾವನಿಗೆ. "ಆ ಸೂಜಿ ಚುಚ್ಚಿಸ್ಕೊಂಡು ಬರೋಣ. ಮಗಳ ಬಾಯಾದ್ರೂ ಮುಚ್ಚುತ್ತೆ."

ಮಾವ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. "ನಿಜವಾಗ್ಲೂ?"

"ಏನಿದೆ ಅದರಲ್ಲಿ? ಸೂಜಿ ತಾನೇ? ಹಾಕಿಸ್ಕೊಂಡ ಮಾತ್ರಕ್ಕೆ ಜೀವ ಹೋಗೋದೂ ಇಲ್ಲ, ಉಳಿಯೋದೂ ಇಲ್ಲ. ನೀನೂ ಬಾರೇ. ಗುಬ್ಬೀನೂ ಕರ್ಕೊ."

ಆದದ್ದು ನಾದಿನಿ ಹೆದರಿದ್ದಕ್ಕೆ ತದ್ವಿರುದ್ಧವಾಗಿತ್ತು. ಅದು ಹೇಗೆಂದು ಸೊಸೆ ಯಾರಿಗೂ ವಿವರಿಸಲು ಹೋಗಲಿಲ್ಲ. ನಿನ್ನೆಯ ತನಕ ಆ ಮನೆಯಲ್ಲಿ ಸೂಜಿ ಎಂದರೆ ಅತ್ತೆಯ ಮೇಲೆ ಒಂದು ತೀರ್ಪು. ಇವತ್ತು ಬರೀ ಸೂಜಿ.

ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ನಾಲ್ವರೂ ಸಾಲಾಗಿ ಕೂತರು. ಗುಬ್ಬಿ ಧೈರ್ಯವಾಗಿ ಚುಚ್ಚಿಸಿಕೊಂಡಳು. ಮಾವ ಕಣ್ಣು ಮುಚ್ಚಿದರು. ಅತ್ತೆಯ ಸರದಿ ಬಂದಾಗ ಅವರು ಸ್ಟೂಲಿನ ಮೇಲೆ ಕೂತವರೇ ತೋಳನ್ನು ಹಿಂದಕ್ಕೆ ಎಳೆದುಕೊಂಡರು.

"ಹೆದರ್ಕೋಬೇಡಿ ಅಮ್ಮ," ಎಂದಳು ನರ್ಸ್. "ಎಷ್ಟು ಸಣ್ಣದು ನೋಡಿ."

"ಅಜ್ಜಿ ದಿನಾ ಇಷ್ಟುದ್ದ ದಬ್ಬಳ ಹಿಡೀತಾರೆ," ಎಂದು ಗುಬ್ಬಿ ಎರಡು ಕೈ ಅಗಲಿಸಿ ತೋರಿಸಿದಳು.

"ಅದು ಬೇರೆಯವರ ಹಾಸಿಗೆಗೆ ಚುಚ್ಚೋದು ಕಣೇ," ಎಂದರು ಅತ್ತೆ. ನರ್ಸ್ ನಕ್ಕಳು. ಮಾವನೂ ನಕ್ಕರು, ನಗು ಕೆಮ್ಮಾಯಿತು. ಸೊಸೆ ತೋಳು ಮುಂದೆ ಚಾಚಿದಳು. ಸೂಜಿ ಹೋದದ್ದೂ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಮುಗಿಯಿತಾ ಎಂದು ಕೇಳಿದಳು. ಮುಗಿದು ಆಗಲೇ ಹತ್ತಿ ಒತ್ತಿದ್ದರು.

ಎರಡು ದಿನ ಅಂಗಡಿಯಲ್ಲಿ ಕೋಲಿನ ಸದ್ದಿರಲಿಲ್ಲ. ಮಾವ ತೋಳಿಗೆ ಬಿಸಿಬಟ್ಟೆ ಇಟ್ಟುಕೊಂಡು ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ನಾಳೆ ಬನ್ನಿ ಎಂದರು. ನಾದಿನಿ ಬಂದು ಟೀ ಕುಡಿದು ಹೋದಳು. ಅತ್ತಿಗೆಯ ಮುಖ ನೋಡಲು ಅವಳಿಗೆ ಇನ್ನೂ ಮುಜುಗರ. ಹೋಗುವಾಗ, "ನನಗೆ ಏನೂ ಅರ್ಥ ಆಗ್ತಿಲ್ಲ, ಆದ್ರೆ ಸರಿ," ಎಂದಳು.

ಅತ್ತೆ ಬದಲಾದರು. ಬೀದಿಯ ನಲ್ಲಿಯ ಹತ್ತಿರ ನಿಂತು ಮಾತಾಡತೊಡಗಿದರು. ಮಗನ ಹೆಸರು ಬಂದರೆ ಎದ್ದು ಹೋಗುತ್ತಿದ್ದವರು ಈಗ ತಾವೇ ಅವನ ಮಾತು ತೆಗೆದರು. ದಬ್ಬಳ ಚುಚ್ಚುತ್ತ, ಗಂಟು ಬಿಗಿಯುತ್ತ, ಹಾಸಿಗೆ ಕೊಡಲು ಬಂದವರಿಗೆ ಹೇಳುತ್ತಿದ್ದರು: "ಎಲ್ಲಾ ಮಾಡಿದ್ವಿ. ಚುಚ್ಚುಮದ್ದೂ ಹಾಕಿಸ್ಕೊಂಡಿದ್ದ ನನ್ನ ಮಗ. ನನಗೆ ಹೇಳದೇ ಹೋಗಿ ಹಾಕಿಸ್ಕೊಂಡಿದ್ದ, ಅಷ್ಟು ಜೋಪಾನ. ಆದ್ರೂ ಹೋದ. ಏನು ಮಾಡೋಣ ಹೇಳಿ?"

ಕೇಳಿದವರು ಲೊಚಗುಟ್ಟುತ್ತಿದ್ದರು. ಹಿಟ್ಟಿನ ಗಿರಣಿಯವನು ಒಂದು ದಿನ, "ಹಾಗಾದ್ರೆ ನಾವೆಲ್ಲ ಯಾಕೆ ಕ್ಯೂ ನಿಲ್ಲಬೇಕು? ನಾನಂತೂ ಹೋಗಲ್ಲಮ್ಮ," ಎಂದ. ಅತ್ತೆ ಮುಂದಿನ ಗಂಟು ಬಿಗಿದರು. ಸೊಸೆ ಯಂತ್ರದ ಚಕ್ರ ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಣ್ಣುತ್ತಿದ್ದ ದಿನಗಳು ಅವು.

ಸೀಸನ್ ಇಳಿಯುತ್ತ ಬಂದಾಗ ಕ್ಷೌರದಂಗಡಿಯವನ ಹೆಂಡತಿ ಬಂದಳು. ಚೊಚ್ಚಲ ಬಸುರಿ, ಆರು ತುಂಬಿತ್ತು. ಮೆಟ್ಟಿಲು ಹತ್ತಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ಸುಧಾರಿಸಿಕೊಂಡಳು. ಅತ್ತೆ ದಿಂಬೊಂದನ್ನು ಅವಳ ಬೆನ್ನಿಗೆ ಕೊಟ್ಟು ಕೂರಿಸಿದರು.

"ಚಿಕ್ಕ ಹಾಸಿಗೆ ಬೇಕಾಗಿತ್ತು ಅಮ್ಮ," ಎಂದಳು. "ಮಗೂಗೆ."

"ಮಾಡೋಣ. ತೊಟ್ಟಿಲಿಗೋ, ಮಂಚಕ್ಕೋ?"

"ನಮ್ಮ ಮಧ್ಯ ಮಲಗಿಸ್ಕೊಳ್ಳೋಕೆ."

"ನಿನ್ನ ಗಂಡ ಮಲಗಿದ ಮೇಲೆ ಮಧ್ಯ ಅನ್ನೋದು ಉಳಿಯುತ್ತಾ? ಅಂಗಡಿ ಕುರ್ಚೀಲೇ ಅವನ ಮೈ ಹಿಡಿಸಲ್ಲ."

ಹುಡುಗಿ ನಕ್ಕಳು. ನಗುತ್ತ ಒಂದೆರಡು ಸಲ ಕೆಮ್ಮಿದಳು. ಅತ್ತೆಯ ಕೈ ದಬ್ಬಳದ ಮೇಲೆ ನಿಂತಿತು.

"ಕೆಮ್ಮಿದೆಯಾ?"

"ಗಂಟಲು ಒಣಗಿದೆ ಅಷ್ಟೇ. ಮೆಟ್ಟಿಲು ಹತ್ತಿದ್ನಲ್ಲ. ಆ ನರ್ಸ್ ಒಬ್ಬಳು ಹಿಂದೆ ಬಿದ್ದಿದಾಳೆ. ಬಸುರಿಯರಿಗೆ ಜ್ವರ ಬಂದ್ರೆ ಕಷ್ಟ, ಚುಚ್ಚುಮದ್ದು ಹಾಕಿಸ್ಕೊ ಅಂತ. ಬೇಡ ಅಂದೆ."

"ಯಾಕೆ?"

"ನಿಮ್ಮ ಮನೇಲೇ ನೋಡಿದೀವಲ್ಲ ಅಮ್ಮ. ಅಣ್ಣ ಹಾಕಿಸ್ಕೊಂಡೂ... ನೀವೇ ಹೇಳಿದ್ರಲ್ಲ ನಲ್ಲಿ ಹತ್ರ. ಮನೇಲಿ ಎಲ್ಲರಿಗೂ ಹೇಳಿದೆ ನಾನು, ಅವರ ಅನುಭವದ ಮಾತು ಅದು ಅಂತ."

ಸೊಸೆಯ ಕಾಲು ಯಂತ್ರದ ತುಳಿಮಣೆಯ ಮೇಲೆ ನಿಂತಿತು. ಕೋಣೆಯ ಆ ಮೂಲೆಯಲ್ಲಿ ಮಾವ ಕೋಲನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿತು. ಈಗ ಹೇಳಬೇಕು ಎಂದುಕೊಂಡಳು ಸೊಸೆ. ಎದ್ದು, ಹುಡುಗಿಯನ್ನು ಹೊರಗೆ ಕಳಿಸುವ ನೆಪದಲ್ಲಿ ಮೆಟ್ಟಿಲ ತನಕ ಹೋಗಿ, ತಗ್ಗಿದ ದನಿಯಲ್ಲಿ ಹೇಳಬೇಕು. ಆದರೆ ಬೀದಿಯಲ್ಲಿ ಹೇಳಿದ್ದು ಸಂಜೆಯೊಳಗೆ ನಲ್ಲಿಗೆ ಹೋಗುತ್ತದೆ. ನಲ್ಲಿಗೆ ಹೋದದ್ದು ಮನೆಗೆ ಬರುತ್ತದೆ. ಅವಳು ಏಳಲಿಲ್ಲ. ಕೈಯಲ್ಲಿದ್ದ ಗವಸನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಅತ್ತೆ ದಬ್ಬಳವನ್ನು ಕೆಳಗಿನಿಂದ ಎಳೆದು, ದಾರ ಬಿಗಿದು, ಗಂಟು ಹಾಕಿ, ಹಲ್ಲಿನಿಂದ ಕತ್ತರಿಸಿದರು. ಕತ್ತರಿಸಿದ ದಾರದ ತುಂಡನ್ನು ಬಾಯಿಂದ ತೆಗೆದು ಬೆರಳಿಗೆ ಸುತ್ತಿಕೊಂಡರು.

"ಅವನು ಹಾಕಿಸ್ಕೊಂಡಿರಲಿಲ್ಲ," ಎಂದರು.

"ಅಮ್ಮ?"

"ಹಾಕಿಸ್ಕೊಂಡಿರಲಿಲ್ಲ ಕಣೇ. ನಾನು ಹೇಳಿದ್ದು ಸುಳ್ಳು. ಹಾಕಿಸ್ಕೊಂಡು ಬರ್ತೀನಿ ಅಂತ ಚಪ್ಪಲಿ ಮೆಟ್ಟಿ ನಿಂತಿದ್ದ. ಇಷ್ಟು ಕೆಲಸ ಬಿದ್ದಿದೆ, ಆಮೇಲೆ ಹೋಗು ಅಂದೆ. ನಾನೇ ಅಂದಿದ್ದು. ಚಪ್ಪಲಿ ಬಿಟ್ಟು ಒಳಗೆ ಬಂದ."

ಹುಡುಗಿ ಸೊಸೆಯ ಕಡೆ ನೋಡಿದಳು. ಸೊಸೆ ನೆಲ ನೋಡಿದಳು.

"ಹಾಕಿಸ್ಕೊಂಡಿದ್ರೆ ಉಳೀತಿದ್ದನೋ ಇಲ್ವೋ ನನಗೆ ಗೊತ್ತಿಲ್ಲ," ಎಂದರು ಅತ್ತೆ. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಯಾರಿಗೂ ಗೊತ್ತಿಲ್ಲ. ಉಳೀದೇನೂ ಇರಬಹುದಿತ್ತು. ಆದ್ರೆ ಕಳಿಸಲಿಲ್ಲ ನಾನು. ನೀನು ನನ್ನ ಮಾತು ನಂಬ್ಕೊಂಡು ಕೂರಬೇಡ. ಈಗಲೇ ಹೋಗು. ಮನೆಗೆ ಹೋಗಿ ಆಮೇಲೆ ಅಲ್ಲ, ಹೀಗೇ ಹೋಗು. ನಿನ್ನ ಗಂಡ ಎಲ್ಲಿ?"

"ಅಂಗಡೀಲಿ. ಒಬ್ಬರ ಗಡ್ಡ ಅರ್ಧ ಆಗಿತ್ತು."

"ಉಳಿದರ್ಧ ಆಮೇಲೆ ಹೆರೀಲಿ. ಕರ್ಕೊಂಡು ಹೋಗು."

ಹುಡುಗಿ ಎದ್ದಳು. ಅತ್ತೆಯ ಭುಜ ಮುಟ್ಟಿ, ಚೌಕಟ್ಟು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಬೀದಿಯ ತಿರುವಿನ ತನಕ ಅತ್ತೆ ಅವಳನ್ನೇ ನೋಡುತ್ತಿದ್ದರು.

ಮಾವ ಹತ್ತಿರ ಬಂದು ನಿಂತಿದ್ದರು. ತಲೆಯ ಮೇಲೆ, ಹುಬ್ಬಿನ ಮೇಲೆ ಹತ್ತಿ.

"ಯಾವಾಗ ಗೊತ್ತಾಯ್ತು ಅತ್ತೆ?" ಎಂದಳು ಸೊಸೆ.

"ಗೊತ್ತಾಗೋದೇನು? ಆವತ್ತೇ ಗೊತ್ತಿತ್ತು." ಅತ್ತೆ ಗಂಡನ ಕಡೆ ನೋಡಲಿಲ್ಲ. "ಎಡಗೈಯಲ್ಲಿ ಬಡಿದ ಅಂದ್ರಲ್ಲ ಇವರು. ಅಡುಗೆಮನೇಲಿ ಕೂತು ಜೀವಮಾನ ಪೂರ್ತಿ ಈ ಸದ್ದು ಕೇಳಿದೀನಿ. ಯಾರ ಏಟು ಯಾವುದು, ಯಾರಿಗೆ ಸುಸ್ತಾಗಿದೆ, ಯಾರಿಗೆ ಸಿಟ್ಟು ಬಂದಿದೆ, ಎಲ್ಲಾ ಗೊತ್ತಾಗುತ್ತೆ. ಮುಂಚೆ ಎರಡು ವರ್ಷ ಅವನು ಎಡಗೈಯಲ್ಲಿ ಹೊಡೀತೀನಿ ಅಂತ ಒಂದೊಂದು ಸಲ ನೋಡಿದ್ದ. ಹುಡುಗು ಮುಂಡೇದು ಕೋಲಾಟ ಆಡಿದ ಹಾಗಿತ್ತು. ಹೋದ ವರ್ಷ ಆ ಸದ್ದು ಬರಲೇ ಇಲ್ಲ."

"ಮತ್ತೆ ಯಾಕೆ ನಂಬಿದ್ರಿ?"

ಅತ್ತೆ ಬೆರಳಿಗೆ ಸುತ್ತಿದ್ದ ದಾರವನ್ನು ಬಿಚ್ಚಿದರು. ಬೆರಳಿನ ತುದಿ ಬೆಳ್ಳಗಾಗಿತ್ತು, ಮೆಲ್ಲಗೆ ಕೆಂಪಾಯಿತು.

"ಆ ಸುಳ್ಳು ಬೆಚ್ಚಗಿತ್ತು ಕಣೇ," ಎಂದರು.

ಮಾವ ಅಲ್ಲೇ ನೆಲದ ಮೇಲೆ ಕೂತರು. ಮೂಗಿನ ಬಟ್ಟೆ ಬಿಚ್ಚಿ ಕಣ್ಣು ಒರೆಸಿಕೊಂಡರು, ಒರೆಸಿದಷ್ಟೂ ಹತ್ತಿ ಅಂಟಿಕೊಂಡಿತು. ಅತ್ತೆ ಸೆರಗಿನ ತುದಿಯಿಂದ ಅವರ ಹುಬ್ಬಿನ ಎಳೆಯೊಂದನ್ನು ತೆಗೆದು ಊದಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಏನು ನೋಡ್ತಾ ಕೂತಿದೀಯ? ಆ ಹುಡುಗಿಗೆ ಗವಸು ಕತ್ತರಿಸು. ಹಳೇ ಹತ್ತಿ ಬೇಡ. ಅಟ್ಟದ ಮೇಲೆ ಹೊಸ ಚೀಲ ಇದೆ, ಅದನ್ನ ಬಿಚ್ಚು."

ಸೊಸೆ ಏಣಿ ತಂದು ಅಟ್ಟಕ್ಕೆ ಒರಗಿಸಿದಳು.